ರಾಣಿಯ ರೂಪಾಯಿ, ಮಯಿಲಿ ಕಾಸು

ನೆರೂಳಿನಂಥ ಹೊಸ ನಗರದಲ್ಲಿಯೂ ಕನ್ನಡಿಗರ ಮನೆಗಳ ದೇವರ ಪೆಟ್ಟಿಗೆಯಲ್ಲಿ ಒಂದೆರಡು ‘ರಾಣಿ ಛಾಪಿನ’ ಬೆಳ್ಳಿ ರೂಪಾಯಿಗಳು ಸಿಗುವುದುಂಟು. ಊರಿನ ಹಿರಿಯರಿಂದ ಬಂದ ಅವು ದೀಪಾವಳಿಯ ಲಕ್ಷ್ಮೀಪೂಜೆಗೆ ಹೊರಬಂದು, ಹುಣಿಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು, ಮತ್ತೆ ಒಳಸೇರುತ್ತವೆ. ಈಚೆಗೆ ಅವುಗಳ ಬಗ್ಗೆ ಕೇಳಿಬರುವ ಪ್ರಶ್ನೆ ಒಂದೇ: ‘ಇದಕ್ಕೆ ಎಷ್ಟು ಬರುತ್ತದೆ?’ ಪ್ರಶ್ನೆ ತಪ್ಪಲ್ಲ. ಆದರೆ ಬ್ರಿಟಿಷರ ಕಾಲದ ನಾಣ್ಯಗಳನ್ನು ಕೂಡಿಸುವವರು ಬೆಲೆ ಕೇಳುವ ಮೊದಲು ಅವುಗಳನ್ನು ಓದಬೇಕು ಎಂಬುದು ನನ್ನ ವಾದ.

ಓದಲು ಬೇಕಾದಷ್ಟಿದೆ. 1835ರ ಕಾಯಿದೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಪ್ರದೇಶಗಳಿಗೆಲ್ಲ ಒಂದೇ ಬಗೆಯ ರೂಪಾಯಿ ಬಂತು. ಅದರ ತೂಕ ಒಂದು ತೊಲೆ. ಅದರ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1862ರಿಂದ ಕಂಪನಿಯ ಹೆಸರು ಅಳಿದು ರಾಣಿಯ ಹೆಸರಷ್ಟೇ ಉಳಿಯಿತು. ಎರಡನೇ ಮಹಾಯುದ್ಧದ ಕಾಲಕ್ಕೆ, 1940ರಲ್ಲಿ, ಬೆಳ್ಳಿ ಅರ್ಧಕ್ಕಿಳಿಯಿತು. 1947ರ ಹುಲಿಯ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಬರಿಯ ನಿಕ್ಕಲ್. ದೊರೆಯ ಮುಖ ಕೊನೆಯವರೆಗೂ ಗಂಭೀರವಾಗಿಯೇ ಇತ್ತು. ಅದರ ಹಿಂದಿನ ಸತ್ವ ಕರಗುತ್ತ ಬಂದುದನ್ನು ಲೋಹವೇ ಹೇಳುತ್ತದೆ. ಐದನೇ ಜಾರ್ಜನ ರೂಪಾಯಿಯ ಹಿಂಬದಿಯ ತಳದಲ್ಲಿ ಸಣ್ಣ ಚುಕ್ಕೆಯಿದ್ದರೆ ಅದು ಮುಂಬಯಿಯ ಟಂಕಸಾಲೆಯದು. ನಾವು ಹಾರ್ಬರ್ ಲೈನಿನ ಗಾಡಿ ಇಳಿದು ಹತ್ತು ಹದಿನೈದು ನಿಮಿಷ ನಡೆದರೆ ಎದುರಾಗುವ ಕೋಟೆ ಪ್ರದೇಶದ ಕಟ್ಟಡವೇ ಅದು.

ಆದರೆ ಕನ್ನಡಿಗರು ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಏಳನೇ ಎಡ್ವರ್ಡನ ಕಾಲದಲ್ಲಿ ಬಂದ, ಅಲೆಯಂಚಿನ ಒಂದಾಣೆಯನ್ನು ತಿರುಗಿಸಿ ನೋಡಿ. ಇಂಗ್ಲಿಷಿನೊಡನೆ ಉರ್ದು, ನಾಗರಿ, ಬಂಗಾಳಿ, ತೆಲುಗು ಲಿಪಿಗಳಿವೆ, ಕನ್ನಡವಿಲ್ಲ. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರುಗಳಲ್ಲಿ ಹಂಚಿಹೋಗಿದ್ದ ನುಡಿಗೆ ಆ ಪುಟ್ಟ ಬಿಲ್ಲೆಯಲ್ಲಿ ಎಡೆ ದೊರೆಯಲಿಲ್ಲ.

ಅದಕ್ಕೂ ಸುಮಾರು ಒಂದು ಶತಮಾನ ಹಿಂದೆ, ಬ್ರಿಟಿಷರ ಅಧೀನದಲ್ಲೇ ಇದ್ದ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳ ಮೇಲೆ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿಯೇ ಅಚ್ಚಾಗಿತ್ತು. ಬೆಲೆಯನ್ನು ಕನ್ನಡ ಅಂಕೆಯಲ್ಲಿ ಕೊಟ್ಟು, ಜೊತೆಗೆ ಇಂಗ್ಲಿಷಿನಲ್ಲಿ ‘ಕ್ಯಾಶ್’ ಎಂದೂ ಬರೆಯಲಾಗಿತ್ತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡರು, 1833ರಲ್ಲಿ ಟಂಕಸಾಲೆ ಬೆಂಗಳೂರಿಗೆ ಸರಿಯಿತು, 1843ರಲ್ಲಿ ಮುಚ್ಚಿತು. ಕನ್ನಡ ಬರಹದ ಕಾಸು ಅಲ್ಲಿಗೆ ನಿಂತಿತು. ರಾಣಿಯ ರೂಪಾಯಿಯ ಪಕ್ಕದಲ್ಲಿ ಮಯಿಲಿ ಕಾಸನ್ನು ಇಟ್ಟಾಗಲೇ ಆ ರೂಪಾಯಿ ಏನನ್ನು ಸರಿಸಿ ಬಂತೆಂಬುದು ತಿಳಿಯುತ್ತದೆ. ಬೆಳ್ಳಿಗೆ ಮುಗಿಬಿದ್ದು ತಾಮ್ರವನ್ನು ಗುಜರಿಗೆ ಹಾಕುವ ಸಂಗ್ರಹಕಾರ ಅರ್ಧ ಚರಿತ್ರೆಯನ್ನು ತಾನೇ ಕರಗಿಸಿದಂತೆ.

ಆಳಿದವರ ಮುಖಗಳನ್ನು ಜೋಪಾನ ಮಾಡುವುದೇಕೆ ಎಂದು ಕೇಳುವವರಿದ್ದಾರೆ. ನಾವು ಜೋಪಾನ ಮಾಡುವುದು ಮುಖವನ್ನಲ್ಲ, ಸಾಕ್ಷ್ಯವನ್ನು. ಓದದೆ ಕೂಡಿಸುವವರನ್ನು ಮೋಸ ಸುಲಭವಾಗಿ ಮುಟ್ಟುತ್ತದೆ. ರಾಮ, ಸೀತೆ, ಹನುಮಂತರ ಚಿತ್ರವಿರುವ, ‘1818’ ಎಂದು ಬರೆದ ಬಿಲ್ಲೆಗಳನ್ನು ಕಂಪನಿಯ ನಾಣ್ಯವೆಂದು ಮಾರುವವರಿದ್ದಾರೆ. ಕಂಪನಿ ಅಂಥ ನಾಣ್ಯವನ್ನು ಟಂಕಿಸಿಯೇ ಇಲ್ಲ. ಹಳೆಯ ನಾಣ್ಯಗಳನ್ನು ಕೊಳ್ಳುತ್ತೇವೆಂದು ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಎಚ್ಚರಿಸಬೇಕಾಯಿತು. ಇನ್ನೊಂದು ಮಾತು: ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯಂತೆ ಪುರಾವಸ್ತು. ಹೊರದೇಶದಲ್ಲಿರುವ ಮಕ್ಕಳಿಗೆಂದು ಅದನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ.

ಆದ್ದರಿಂದ ನನ್ನ ಬಿನ್ನಹ ಸಣ್ಣದು. ಈ ದೀಪಾವಳಿಗೆ ಹುಣಿಸೆಹಣ್ಣನ್ನು ದೂರವಿಡಿ; ತಿಕ್ಕಿದಷ್ಟೂ ಅಕ್ಷರ ಸವೆಯುತ್ತದೆ, ಬೆಲೆಯೂ ಇಳಿಯುತ್ತದೆ. ಬದಲಿಗೆ ಒಂದು ಚೀಟಿ ತೆಗೆದುಕೊಂಡು ಈ ರೂಪಾಯಿ ಯಾರದು, ಯಾವ ಊರಿನಿಂದ ಬಂತು, ಯಾವ ಕೆಲಸಕ್ಕೆ ಬಳಕೆಯಾಗಿತ್ತು ಎಂಬುದನ್ನು ಹಿರಿಯರನ್ನು ಕೇಳಿ ಕನ್ನಡದಲ್ಲಿ ಬರೆದು ಜೊತೆಗಿಡಿ. ವರ್ಷ, ತೂಕ, ಟಂಕಸಾಲೆಗಳನ್ನು ನಾಣ್ಯವೇ ಹೇಳುತ್ತದೆ. ಇದನ್ನು ಹೇಳಬೇಕಾದವರು ನಾವು, ಹೇಳಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ.