ಮಾತೂ ಸವಿಯಿರಲಿ, ತಕ್ಕಡಿಯೂ ನೇರವಿರಲಿ



ಗೊಬ್ಬರ, ಔಷಧ, ಧಾರಣೆಗಳ ಕುರಿತು ಈ ಪುಟಗಳಲ್ಲಿ ಮೇಲಿಂದ ಮೇಲೆ ಬರೆಯುತ್ತಿರುತ್ತೇವೆ. ಈ ಸಲ ಕಾಸಿನ ಖರ್ಚಿಲ್ಲದ, ಆದರೆ ತೋಟವನ್ನೇ ಉಳಿಸಬಲ್ಲ ಒಂದು ಸಂಗತಿಯನ್ನು ತಮ್ಮ ಮುಂದಿಡುತ್ತೇವೆ. ಅದೇ ನಡೆ-ನುಡಿಯ ಸೌಜನ್ಯ.

ಅಣಶಿ, ಜೋಯಿಡಾ ಕಡೆ ಮನೆಗಳು ದೂರ ದೂರ, ನಡುವೆ ಕಾಡು. ಮಳೆಗಾಲದಲ್ಲಿ ಎರಡು ದಿನ ಹೊಳವಾಯಿತೆಂದರೆ ಎಲ್ಲರಿಗೂ ಒಮ್ಮೆಲೇ ಕೊಳೆ ಔಷಧ ಹೊಡೆಸುವ ಗಡಿಬಿಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಈ ಲೆಕ್ಕ ತಮಗೆಲ್ಲ ಬಾಯಿಪಾಠ. ಸಾಮಾನು ಸಿಗುತ್ತದೆ, ಮರ ಹತ್ತುವವರು ಸಿಗುವುದಿಲ್ಲ. ಕೂಲಿ ಎಲ್ಲೆಡೆ ಒಂದೇ ಇರುವಾಗ ಕೊನೆಗೌಡರು ಮೊದಲು ಯಾರ ತೋಟಕ್ಕೆ ಹೋದಾರು? ಬೇಸಿಗೆಯಲ್ಲಿ, ಕೆಲಸವಿಲ್ಲದಾಗಲೂ, ದಾರಿಯಲ್ಲಿ ನಿಂತು ಮಕ್ಕಳು-ಮರಿಗಳ ಕ್ಷೇಮ ಕೇಳಿದವರ ತೋಟಕ್ಕೆ.

ನಮ್ಮ ಕಡೆ ಬಂದವರಿಗೆ ಬೆಲ್ಲ-ನೀರು ಕೊಟ್ಟು, ಕವಳದ ತಟ್ಟೆ ಮುಂದಿಟ್ಟ ಮೇಲೆಯೇ ಮಾತು. ಜಗಲಿಯ ನೆಂಟರಿಗೆ ಸಿಗುವ ಆ ಮರ್ಯಾದೆ ಅಂಗಳದಲ್ಲಿ ನಿಂತವರಿಗೂ ಸಿಗುತ್ತಿದೆಯೇ? 'ಬಂದ, ಹೋದ' ಎನ್ನುವ ನಾಲಿಗೆ 'ಬಂದರು, ಹೋದರು' ಎಂದರೆ ಸವೆಯುವುದೇನು? ಕುಣಬಿ ನೆರೆಯವರೊಡನೆ ಅವರ ಕೊಂಕಣಿಯಲ್ಲೇ ನಾಲ್ಕು ಮಾತಾಡಿದರೆ ನಮ್ಮ ಘನತೆಯೇನೂ ಇಳಿಯದು. ಹತ್ತಿರದ ಉಳವಿಯಲ್ಲಿ ಚೆನ್ನಬಸವಣ್ಣನವರ ಸಮಾಧಿಯಿದೆ. 'ಶರಣು ಶರಣಾರ್ಥಿ' ಎಂದು ಒಬ್ಬರಿಗೊಬ್ಬರು ವಂದಿಸುವುದು ಆ ಶರಣರ ರೂಢಿ. ಬಂದವರನ್ನು ಕ್ಷೇಮವೇ ಎಂದು ಕೇಳದ ಬಿಗುಮಾನವನ್ನು ಬಸವಣ್ಣನವರು ವಚನದಲ್ಲಿಯೇ ಖಂಡಿಸಿದ್ದಾರೆ.

'ಸವಿಮಾತು ದಲ್ಲಾಳಿಗೂ ಬರುತ್ತದೆಯಲ್ಲ?' ಎಂದು ತಾವು ಕೇಳಬಹುದು. ನಿಜ, ಬರುತ್ತದೆ. ಆದರೆ ಅಂಥ ಸವಿ ತೂಕ ಮುಗಿಯುವ ತನಕ ಮಾತ್ರ. 1923ರಲ್ಲಿ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಹುಟ್ಟಿದ್ದು, ಅಡಿಕೆ ಧಾರಣೆ ಕುಸಿದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಮಂಗಳೂರಿನ ಕ್ಯಾಂಪ್ಕೊ ಹುಟ್ಟಿದ್ದು, ಬೆಳೆಗಾರನಿಗೆ ನೇರ ತೂಕ, ನ್ಯಾಯದ ಬೆಲೆ ಸಿಗಲೆಂದೇ. ಆದುದರಿಂದ ನಯವಾದ ಮಾತು ಕೂಲಿಗೆ ಬದಲಿಯಲ್ಲ. ಸಂಜೆಯ ಕೂಲಿಯನ್ನು ಸಂಜೆಯೇ ಕೊಟ್ಟು, ಬಳಿಕ ನಕ್ಕು ಕಳಿಸಿದರೆ ಆ ನಗೆಗೆ ಬೆಲೆ. ಬಾಕಿ ಇಟ್ಟುಕೊಂಡು ನಕ್ಕರೆ ಅದು ಬರೀ ನಾಟಕವೆಂದು ಎದುರಿನವರಿಗೆ ತಿಳಿಯದೇ ಇರುವುದಿಲ್ಲ.

ಈ ಮಾತು ಸಂಘಕ್ಕೂ ಸಲ್ಲುತ್ತದೆ. ಹತ್ತು ಚೀಲ ತಂದ ಸದಸ್ಯರಿಗೆ ಕುರ್ಚಿ, ಅರ್ಧ ಚೀಲ ತಲೆಯ ಮೇಲೆ ಹೊತ್ತು ತಂದವರಿಗೆ ಬಾಗಿಲ ಸಂದಿ ಎಂದಾದರೆ ಅದು ಸಹಕಾರವಲ್ಲ. ನಮ್ಮ ಕಚೇರಿಯಲ್ಲಿ ಅಂಥ ಭೇದ ಕಂಡರೆ ತಾವು ಸಂಕೋಚವಿಲ್ಲದೆ ನಮಗೆ ತಿಳಿಸಬೇಕು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಹಳೆಯದು. ಕೊಳೆ ಬಂದು ಉದುರಿದ ಅಡಿಕೆಯನ್ನು ಬರುವ ವರ್ಷವಾದರೂ ಮರ ಮತ್ತೆ ಕೊಟ್ಟೀತು. ಒರಟು ಮಾತಿಗೆ ಮುರಿದ ಮನಸ್ಸು ಹಾಗಲ್ಲ. ಈ ಕೊಯ್ಲಿಗೆ ಮುಂಚೆಯೇ, ಏನೂ ಕೆಲಸವಿಲ್ಲದೆಯೂ, ನೆರೆಮನೆಯ ಅಂಗಳಕ್ಕೊಮ್ಮೆ ಹೋಗಿ ಬನ್ನಿ ಎಂದು ವಿನಂತಿ.