ಹೊಸ್ತಿಲ ಮೇಲೆ ಉಣ್ಣಬಾರದೇ, ರೋಗಿಗೆ ಬೇರೆ ತಾಟು ಇಡಬೇಕೇ? ಮನೆಯೊಳಗಿನ ಊಟದ ನಿಯಮಗಳಲ್ಲಿ ನಿಜವೆಷ್ಟು

"ಹೊಸ್ತಿಲ ಮೇಲೆ ಕೂತು ಉಂಡರೆ ದರಿದ್ರ. ದಕ್ಷಿಣಕ್ಕೆ ಮುಖ ಮಾಡಿ ಉಂಡರೆ ಜೀರ್ಣವಾಗುವುದಿಲ್ಲ. ನೆಲದ ಮೇಲೆ ಉಂಡವರು ನೂರು ವರ್ಷ ಬದುಕುತ್ತಾರೆ. ಮುಟ್ಟಾದವರು ಅಡುಗೆಮನೆಯಲ್ಲಿ ಉಣ್ಣಬಾರದು. ರೋಗಿಯ ತಾಟು ಬೇರೆ ಇಡಿ. ಇದು ನಮ್ಮ ಹಿರಿಯರ ವಿಜ್ಞಾನ, ಹತ್ತು ಜನರಿಗೆ ಕಳಿಸಿ." ಈ ಧಾಟಿಯ ಮೆಸೇಜು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಓದಿದಾಗ ಕೆಲವು ಸರಿ ಅನಿಸುತ್ತವೆ, ಕೆಲವು ತಮಾಷೆ ಅನಿಸುತ್ತವೆ. ಒಂದು ನಮಸ್ಕಾರದ ಚಿಹ್ನೆ ಒತ್ತಿ ಮುಂದೆ ಹೋಗುತ್ತೇವೆ.

ನಾನೂ ಹಾಗೇ ಮಾಡುತ್ತಿದ್ದೆ, ಚೌಡಾಪುರದ ನಮ್ಮ ದೊಡ್ಡವ್ವನ ಮನೆಯಲ್ಲಿ ಒಂದು ತಾಟು ನೋಡುವವರೆಗೆ. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ, ದೇವಲ ಗಾಣಗಾಪುರಕ್ಕೆ ತಿರುಗುವ ಕಡೆ ಸಿಗುವ ಊರು ಅದು. ದೊಡ್ಡವ್ವನಿಗೆ ಶ್ವಾಸಕೋಶದ ಟಿ.ಬಿ. ಆಗಿತ್ತು. ಆರು ತಿಂಗಳು ಒಂದು ದಿನವೂ ತಪ್ಪಿಸದೆ ಗುಳಿಗೆ ನುಂಗಿದಳು. ಕಫ ಪರೀಕ್ಷೆ ಮಾಡಿ, ವಾಸಿಯಾಗಿದೆ ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಆದರೂ ಅವಳ ತಾಟು, ಚರಗಿ ಹಿಂದಿನ ಕೋಣೆಯ ಮಾಡದಲ್ಲೇ ಇದ್ದವು. ಎಲ್ಲರೂ ಪಡಸಾಲೆಯಲ್ಲಿ ಉಣ್ಣುವಾಗ ಅವಳು ತಾನೇ ಎದ್ದು ಅಲ್ಲಿಗೆ ಹೋಗಿ ಕೂರುತ್ತಿದ್ದಳು. "ಇಲ್ಲೇ ಬಾ ದೊಡ್ಡವ್ವ" ಅಂದರೆ, "ಇರಲಿ ಬಿಡವ್ವ, ಸಣ್ಣ ಮಕ್ಕಳು ಅದಾವ" ಅಂದಳು. ಹೋಗು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಬಾ ಎಂದೂ ಕರೆದಿರಲಿಲ್ಲ.

ಆ ಫಾರ್ವರ್ಡಿನ ಒಂದೊಂದು ಸಾಲನ್ನೂ ಬಿಡಿಸಿ ನೋಡಬೇಕು ಅನಿಸಿದ್ದು ಅವತ್ತು. ಎಲ್ಲ ನಿಯಮಗಳೂ ಒಂದೇ ತೂಕದವಲ್ಲ. ಕೆಲವು ಬರೀ ರೂಢಿ, ಕೆಲವಕ್ಕೆ ಸ್ವಲ್ಪ ಅರ್ಥವಿದೆ, ಇನ್ನು ಕೆಲವು ಮನುಷ್ಯರಿಗೆ ಪೆಟ್ಟು ಕೊಡುತ್ತವೆ.

ಹೊಸ್ತಿಲ ಮೇಲೆ ಉಣ್ಣಬಾರದು

ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ಪೂಜಿಸುವ ಮನೆಗಳು ನಮ್ಮಲ್ಲಿ ಬಹಳ. ಹಿರಣ್ಯಕಶಿಪುವನ್ನು ನರಸಿಂಹ ಕೊಂದದ್ದು ಹೊಸ್ತಿಲ ಮೇಲೆ ಎಂಬ ಪುರಾಣದ ಕಥೆಯೂ ಇದೆ. ಹೀಗಾಗಿ ಅಲ್ಲಿ ಕೂರಬಾರದು, ಉಣ್ಣಬಾರದು, ಸೀನಬಾರದು ಎಂಬ ಮಾತುಗಳು ಬೆಳೆದಿವೆ. ಮೆಸೇಜು ಹೇಳುವ 'ನೆಗೆಟಿವ್ ಎನರ್ಜಿ' ಮಾತ್ರ ಯಾವ ಉಪಕರಣಕ್ಕೂ ಸಿಕ್ಕಿಲ್ಲ. ಹೊಸ್ತಿಲ ಮೇಲೆ ಉಂಡರೆ ಕಾಯಿಲೆ ಬರುವುದಿಲ್ಲ. ಆದರೆ ಅದು ಎಲ್ಲರೂ ಓಡಾಡುವ ಜಾಗ. ಕಾಲಿನ ಧೂಳು ತಾಟಿಗೆ ಬೀಳುತ್ತದೆ, ಬಿಸಿ ಸಾರು ಹಿಡಿದು ಬರುವವರು ಎಡವುತ್ತಾರೆ. ನಿಯಮ ಪಾಲಿಸಿದರೆ ನಷ್ಟವಿಲ್ಲ, ಯಾರಾದರೂ ಪಾಲಿಸದಿದ್ದರೆ ಬೈಯುವ ಅಗತ್ಯವೂ ಇಲ್ಲ.

ದಕ್ಷಿಣಕ್ಕೆ ಮುಖ ಮಾಡಬಾರದು

ಇದಕ್ಕೆ ಫಾರ್ವರ್ಡು ಕೊಡುವ ಕಾರಣ ಭೂಮಿಯ ಕಾಂತಶಕ್ತಿ. ಕೇಳಿದರೆ ವಿಜ್ಞಾನದಂತೆಯೇ ಇದೆ. ಲೆಕ್ಕ ನೋಡೋಣ. ಭೂಮಿಯ ಮೇಲೆ ಕಾಂತಕ್ಷೇತ್ರದ ಬಲ ಸುಮಾರು 25ರಿಂದ 65 ಮೈಕ್ರೋಟೆಸ್ಲಾ. ಆಸ್ಪತ್ರೆಯಲ್ಲಿ ನಾವು ಮಲಗುವ ಸಾಮಾನ್ಯ ಎಂ.ಆರ್.ಐ. ಯಂತ್ರದ ಬಲ 1.5 ಟೆಸ್ಲಾ. ಅಂದರೆ ಇಪ್ಪತ್ತು ಸಾವಿರ ಪಟ್ಟಿಗೂ ಹೆಚ್ಚು. ಅದರೊಳಗೆ ಅರ್ಧ ಗಂಟೆ ಮಲಗಿ ಬಂದವರಿಗೂ ಅಜೀರ್ಣ ಆಗುವುದಿಲ್ಲ. ಹೀಗಿರುವಾಗ ಪಡಸಾಲೆಯಲ್ಲಿ ಯಾವ ಕಡೆ ಮುಖ ಮಾಡಿ ಕೂತಿರಿ ಎನ್ನುವುದು ಹೊಟ್ಟೆಗೆ ಗೊತ್ತಾಗುವ ಸಂಗತಿಯಲ್ಲ. ದಿಕ್ಕು ನಂಬಿಕೆಯ ವಿಷಯ, ಹಾಗೆಂದು ಹೇಳಿಯೇ ಪಾಲಿಸಬಹುದು. ವಿಜ್ಞಾನದ ಹೆಸರು ಬೇಡ.

ನೆಲದ ಮೇಲೆ ಉಂಡರೆ ಆಯುಷ್ಯ ಹೆಚ್ಚು

ಈ ಮಾತಿನ ಹಿಂದೆ ಒಂದು ನಿಜವಾದ ಸಂಶೋಧನೆ ಇದೆ, ಆದರೆ ಅದನ್ನು ತಿರುಚಲಾಗಿದೆ. 2012ರಲ್ಲಿ ಬ್ರೆಜಿಲ್‌ನ ವೈದ್ಯರು 51ರಿಂದ 80 ವರ್ಷದ 2,002 ಜನರ ಮೇಲಿನ ಅಧ್ಯಯನವನ್ನು ಪ್ರಕಟಿಸಿದರು. ನೆಲದ ಮೇಲೆ ಕೂತು, ಕೈ ಮೊಣಕಾಲು ಊರದೆ ಏಳಬಲ್ಲವರಿಗೆ ಹೋಲಿಸಿದರೆ, ಏಳಲು ತುಂಬ ಕಷ್ಟಪಡುವವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚು ಕಂಡಿತ್ತು. ಆ ಪರೀಕ್ಷೆ ಅಳೆದದ್ದು ಸ್ನಾಯುಗಳ ಬಲ, ಕೀಲುಗಳ ಬಾಗುವಿಕೆ ಮತ್ತು ದೇಹದ ಸಮತೋಲನವನ್ನು. ಊಟದ ಮಾತೇ ಅದರಲ್ಲಿ ಇರಲಿಲ್ಲ.

ದಿನಾ ನೆಲಕ್ಕೆ ಕೂತು ಏಳುವುದು ಮೈಗೆ ಒಳ್ಳೆಯ ಅಭ್ಯಾಸವೇ. ಊಟದ ನಂತರ ಹೊಟ್ಟೆ ಕರುಳಿಗೆ ರಕ್ತದ ಹರಿವು ಹೆಚ್ಚುವುದೂ ನಿಜ, ಆದರೆ ಕುರ್ಚಿಯ ಮೇಲೆ ಉಂಡರೂ ಹೆಚ್ಚುತ್ತದೆ. ಮೊಣಕಾಲು ಸವೆದ ಆಯಿ, ಮುತ್ಯಾರನ್ನು "ನೆಲದ ಮೇಲೆ ಕೂತರೇ ಒಳ್ಳೇದು" ಎಂದು ಒತ್ತಾಯಿಸಬೇಡಿ. ಅವರಿಗೆ ಕುರ್ಚಿ, ಅದರ ಮುಂದೊಂದು ಟೇಬಲ್ ಹಾಕಿಕೊಡಿ. ಜೊತೆಗೆ ಕೂತು ಉಣ್ಣಿ.

ಹಾಸಿಗೆ ಮೇಲೆ ಉಣ್ಣಬಾರದು

ಇದು ಅರ್ಧ ಸರಿ. ಉಂಡ ಕೂಡಲೇ ಮಲಗಿದರೆ ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಏರಿ ಎದೆಯುರಿ ಬರುತ್ತದೆ. ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಅಂತರವಿರಲಿ ಎಂದು ವೈದ್ಯರು ಹೇಳುವುದು ಇದಕ್ಕೇ. ಚೆಲ್ಲಿದ ತುಣುಕಿಗೆ ಇರುವೆ, ಜಿರಳೆ ಬರುತ್ತವೆ. ಆದರೆ ಬಾಣಂತಿಗೆ, ಆಪರೇಷನ್ ಆದವರಿಗೆ, ಲಕ್ವಾ ಹೊಡೆದವರಿಗೆ ಹಾಸಿಗೆಯೇ ಊಟದ ಜಾಗ. ಅಲ್ಲಿ ನೆನಪಿಡಬೇಕಾದ್ದು ಒಂದೇ: ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ ಉಣಿಸಬೇಕು. ಮಲಗಿದ್ದಂತೆಯೇ ಉಣಿಸಿದರೆ ಅನ್ನ, ನೀರು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ.

ಗಂಡಸರು ಪಡಸಾಲೆಯಲ್ಲಿ, ಹೆಂಗಸರು ಆಮೇಲೆ ಅಡುಗೆಮನೆಯಲ್ಲಿ

ಇದು ಮೆಸೇಜಿನಲ್ಲಿ ಇರುವುದಿಲ್ಲ, ಏಕೆಂದರೆ ಇದನ್ನು ಯಾರೂ ಬರೆದು ಹೇಳಬೇಕಿಲ್ಲ. ರೊಟ್ಟಿ ಬಡಿಯುವವಳು ಒಲೆ ಮುಂದೆ, ಉಣ್ಣುವವರು ಪಡಸಾಲೆಯಲ್ಲಿ. ಬಿಸಿ ರೊಟ್ಟಿ ಒಂದೊಂದಾಗಿ ಹೊರಗೆ ಹೋಗುತ್ತದೆ. ಕೊನೆಗೆ ಅವಳು ಒಲೆ ಪಕ್ಕ ಕೂತಾಗ ಬುಟ್ಟಿಯಲ್ಲಿ ರೊಟ್ಟಿ ಇರುತ್ತದೆ. ಪುಂಡಿಪಲ್ಲೆ, ಕಾಳಿನ ಪಲ್ಲೆ, ಮೊಸರು ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಶೇಂಗಾ ಹಿಂಡಿ ಹಚ್ಚಿಕೊಂಡು ಮುಗಿಸುತ್ತಾಳೆ. ಹೊಟ್ಟೆ ತುಂಬುತ್ತದೆ, ಆದರೆ ಪಲ್ಲೆ ಮೊಸರಿನಿಂದ ಸಿಗಬೇಕಾದ್ದು ಸಿಗುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಗಂಡಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ. ಈ ಅಂತರಕ್ಕೆಲ್ಲ ಊಟದ ಸರದಿಯೇ ಕಾರಣ ಎನ್ನಲಾಗದು. ಮುಟ್ಟಿನ ರಕ್ತಸ್ರಾವ, ಹೆರಿಗೆ, ಜಂತುಹುಳು ಎಲ್ಲವೂ ಕಾರಣಗಳೇ. ಆದರೆ ಹೆಚ್ಚು ಕಬ್ಬಿಣಾಂಶ ಬೇಕಾದವಳಿಗೆ ತಾಟಿನಲ್ಲಿ ಕಡಿಮೆ ಉಳಿಯುತ್ತದೆ ಎಂದರೆ ಅದು ತಲೆಕೆಳಗಾದ ಲೆಕ್ಕ. ಜೋಳದಲ್ಲಿ ಕಬ್ಬಿಣಾಂಶ ಇದ್ದರೂ, ಅದರಲ್ಲೇ ಇರುವ ಫೈಟೇಟ್ ಎಂಬ ವಸ್ತು ಅದನ್ನು ಮೈಗೆ ಹತ್ತಲು ಬಿಡುವುದಿಲ್ಲ. ಲಿಂಬೆಹಣ್ಣಿನಂಥ ಸಿ ವಿಟಮಿನ್ ಇರುವ ಪದಾರ್ಥ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಹತ್ತುವುದು ಕಡಿಮೆ. ಬದಲಾವಣೆಗೆ ದುಡ್ಡು ಬೇಕಿಲ್ಲ. ಬಡಿಸುವ ಮೊದಲೇ ಅಡುಗೆ ಮಾಡಿದವಳ ಪಾಲು ಪಲ್ಲೆ ತೆಗೆದಿಡಿ. ಇಲ್ಲವೇ ರೊಟ್ಟಿ ಎಲ್ಲ ಬಡಿದಾದ ಮೇಲೆ ಎಲ್ಲರೂ ಒಟ್ಟಿಗೆ ಕೂರಿ.

ಮುಟ್ಟಾದವರು ಹೊರಗೆ

ಮುಟ್ಟಾದವರು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಮಾತ್ರ ಇರಲಿಲ್ಲ. 1920ರಲ್ಲಿ ಬೇಲಾ ಶಿಕ್ ಎಂಬ ಹೆಸರಾಂತ ವೈದ್ಯ, ಮುಟ್ಟಾದ ಹೆಂಗಸು ಹಿಡಿದ ಹೂ ಬಾಡಿತು, ಆಕೆಯ ಮೈಯಲ್ಲಿ 'ಮೆನೊಟಾಕ್ಸಿನ್' ಎಂಬ ವಿಷವಿದೆ ಎಂದು ಬರೆದ. ಅಂಥ ವಿಷ ಇದೆ ಎಂದು ಇವತ್ತಿನವರೆಗೂ ಸಾಬೀತಾಗಿಲ್ಲ. ಉಪ್ಪಿನಕಾಯಿ ಕೆಡುವುದು ಒದ್ದೆ ಚಮಚದಿಂದ, ಉಪ್ಪು ಎಣ್ಣೆ ಕಡಿಮೆಯಾದದ್ದರಿಂದ. ಆ ದಿನಗಳಲ್ಲಿ ಹೆಂಗಸರಿಗೆ ವಿಶ್ರಾಂತಿ ಸಿಗಲಿ ಎಂದು ನಿಯಮ ಮಾಡಿದರು ಎನ್ನುವವರಿದ್ದಾರೆ. ವಿಶ್ರಾಂತಿ ಬೇಕಾದವರಿಗೆ ಕೊಡೋಣ. ಅದಕ್ಕಾಗಿ ಬಚ್ಚಲ ಪಕ್ಕ ಕೂರಿಸಿ ದೂರದಿಂದ ರೊಟ್ಟಿ ಹಾಕಬೇಕಿಲ್ಲ.

ಈ ನಿಯಮ ಬಿಗಿಯಾದರೆ ಎಲ್ಲಿಗೆ ಹೋಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದರು. ಮಳೆ ಚಳಿಯಲ್ಲಿ ಮಗು ಸತ್ತಿತು. ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತವಾಗಿ ಪ್ರತ್ಯೇಕ ಇಡುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ಕಾಯ್ದೆಯ ಪ್ರಕಾರ ಅಪರಾಧ. ಈ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ.

ರೋಗಿಗೆ ಬೇರೆ ತಾಟು, ಬೇರೆ ಜಾಗ

ಈಗ ದೊಡ್ಡವ್ವನ ತಾಟಿಗೆ ಬರೋಣ. ಟಿ.ಬಿ. ಬ್ಯಾಕ್ಟೀರಿಯಾದಿಂದ ಬರುವ ರೋಗ ಎಂದು ರಾಬರ್ಟ್ ಕಾಕ್ ಜಗತ್ತಿಗೆ ತಿಳಿಸಿದ್ದು 1882ರ ಮಾರ್ಚ್ 24ರಂದು. ಶ್ವಾಸಕೋಶದ ಟಿ.ಬಿ. ಇರುವವರು ಕೆಮ್ಮಿದಾಗ, ಮಾತಾಡಿದಾಗ ಬರುವ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ತೇಲುತ್ತವೆ. ಅವನ್ನು ಉಸಿರಾಡಿದವರಿಗೆ ಸೋಂಕು ತಗಲುತ್ತದೆ. ತಾಟು, ಲೋಟ, ಹಾಸಿಗೆ, ಕೈಕುಲುಕು, ಒಂದೇ ಬುಟ್ಟಿಯ ರೊಟ್ಟಿ, ಇವುಗಳಿಂದ ಹರಡುವುದಿಲ್ಲ. ಕರುಳು, ಎಲುಬು, ಗಂಟಲ ಗಡ್ಡೆಯ ಟಿ.ಬಿ. ಮಾತ್ರ ಇದ್ದರೆ ಸಾಮಾನ್ಯವಾಗಿ ಇನ್ನೊಬ್ಬರಿಗೆ ಹರಡುವುದೇ ಇಲ್ಲ. ಊಟದ ದಾರಿಯಲ್ಲಿ ಎಚ್ಚರ ಬೇಕಿರುವುದು ಒಂದೇ, ರೋಗ ಇರುವ ದನದ ಹಸಿ ಹಾಲು. ಹಾಲು ಕಾಯಿಸಿದರೆ ಆ ಭಯವೂ ಇಲ್ಲ.

ಇಲ್ಲೊಂದು ವಿಪರ್ಯಾಸ ನೋಡಿ. ರೋಗಿಯ ತಾಟನ್ನು ಬೇರೆ ಮಾಡಿ, ಅವರನ್ನು ಕಿಟಕಿಯಿಲ್ಲದ ಹಿಂದಿನ ಕೋಣೆಯಲ್ಲಿ ಕೂರಿಸುತ್ತೇವೆ. ಗಾಳಿ ಆಡದ, ಬಿಸಿಲು ಬೀಳದ ಜಾಗದಲ್ಲೇ ಈ ರೋಗದ ಹನಿಗಳು ಹೆಚ್ಚು ಹೊತ್ತು ತೇಲುವುದು. ಆ ಕೋಣೆಗೆ ಅನ್ನ ಕೊಡಲು ಹೋಗುವ ಸೊಸೆಗೆ, ಆಡಲು ಹೋಗುವ ಮೊಮ್ಮಗನಿಗೆ ಅಪಾಯ ಹೆಚ್ಚು. ಚಿಕಿತ್ಸೆಯ ಮೊದಲ ದಿನಗಳಲ್ಲಿ ರೋಗಿಗೆ ಒಳ್ಳೆಯ ಜಾಗ ಎಂದರೆ ಗಾಳಿ ಬೆಳಕಿನ ಪಡಸಾಲೆ, ಮನೆ ಮುಂದಿನ ಕಟ್ಟೆ. ಕೆಮ್ಮುವಾಗ ಬಾಯಿಗೆ ಬಟ್ಟೆ ಅಥವಾ ಮಾಸ್ಕ್ ಇರಬೇಕು, ಕಫವನ್ನು ಎಲ್ಲೆಂದರಲ್ಲಿ ಉಗಿಯಬಾರದು. ಔಷಧಿ ಸರಿಯಾಗಿ ಕೆಲಸ ಮಾಡತೊಡಗಿದರೆ ಕೆಲವೇ ವಾರಗಳಲ್ಲಿ ಹರಡುವ ಸಾಧ್ಯತೆ ಬಹಳ ಇಳಿಯುತ್ತದೆ. ಸಾಮಾನ್ಯ ಟಿ.ಬಿ.ಗೆ ಆರು ತಿಂಗಳ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ. ಮನೆಯವರೂ ತಪಾಸಣೆ ಮಾಡಿಸಿಕೊಳ್ಳಬೇಕು.

ಬೇರೆ ತಾಟಿನಿಂದ ಇನ್ನೊಂದು ಹಾನಿಯೂ ಇದೆ. ತಾಟು ಬೇರೆಯಾಗುತ್ತದೆ ಎಂಬ ಹೆದರಿಕೆಗೆ ಜನ ಕೆಮ್ಮು ಮುಚ್ಚಿಡುತ್ತಾರೆ, ಗುಳಿಗೆ ಕದ್ದು ನುಂಗುತ್ತಾರೆ ಇಲ್ಲವೇ ಬಿಟ್ಟುಬಿಡುತ್ತಾರೆ. ಒಬ್ಬಂಟಿಯಾಗಿ ಕೂತವರು ಅರ್ಧ ಹೊಟ್ಟೆ ಉಣ್ಣುತ್ತಾರೆ. ಈ ರೋಗದಲ್ಲಿ ಊಟವೂ ಚಿಕಿತ್ಸೆಯ ಭಾಗ. ಅದಕ್ಕೆಂದೇ ಸರ್ಕಾರ 2018ರಿಂದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ ಆಗಿದೆ. ಎಚ್.ಐ.ವಿ. ಕೂಡ ಜೊತೆಗೆ ಉಣ್ಣುವುದರಿಂದ, ತಾಟಿನಿಂದ ಹರಡುವುದಿಲ್ಲ. ಕುಷ್ಠರೋಗವೂ ಅಷ್ಟೆ, ಚಿಕಿತ್ಸೆ ಶುರುವಾದವರ ಪಕ್ಕ ಕೂತು ಉಣ್ಣಲು ಯಾವ ಭಯವೂ ಬೇಡ.

ಹಾಗಾದರೆ ಎಂಜಲಿನಿಂದ ಏನೂ ಬರುವುದಿಲ್ಲವೇ? ಬರುತ್ತದೆ. ನೆಗಡಿ, ಫ್ಲೂ ಇರುವಾಗ ಒಂದೇ ಲೋಟಕ್ಕೆ ಬಾಯಿ ಹಚ್ಚುವುದು ಬೇಡ. ಟೈಫಾಯ್ಡ್, ವಾಂತಿಭೇದಿ ಇರುವವರು ಕೈ ತೊಳೆಯದೆ ಅಡುಗೆ ಮುಟ್ಟಿದರೆ ಹರಡುತ್ತದೆ. ಇವಕ್ಕೆ ಬೇಕಾದ್ದು ಸಾಬೂನು ಮತ್ತು ಶುದ್ಧ ನೀರು. ಮನುಷ್ಯರನ್ನು ದೂರ ಕೂರಿಸಿದರೆ ಆ ಕೆಲಸ ಆಗುವುದಿಲ್ಲ.

ಹಿರಿಯರು ಹೇಳಿದ್ದು ಯಾವುದು?

"ಹಿರಿಯರ ಮಾತು" ಎಂದು ಫಾರ್ವರ್ಡು ಹೇಳುತ್ತದೆ. ಆದರೆ ನಮ್ಮ ಭಾಗದಲ್ಲಿ ಹಿರಿಯರು ಒಂದೇ ಮಾತು ಹೇಳಿಲ್ಲ. ಹನ್ನೆರಡನೇ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಒಪ್ಪಲಿಲ್ಲ. ಕಲಬುರಗಿಯ ಶರಣಬಸವೇಶ್ವರರು ನೆನಪಾಗುವುದೇ ದಾಸೋಹದಿಂದ. ಚೌಡಾಪುರದಿಂದ ತುಸು ದೂರದ ಗಾಣಗಾಪುರದಲ್ಲಿ ಇವತ್ತಿಗೂ ದತ್ತಭಕ್ತರು ಐದು ಮನೆ ಬೇಡಿ, ಒಂದೇ ಜೋಳಿಗೆಯಲ್ಲಿ ಕೂಡಿದ ಮಧುಕರಿ ಭಿಕ್ಷೆಯನ್ನು ಪ್ರಸಾದವೆಂದು ಉಣ್ಣುತ್ತಾರೆ. ಬೇರೆ ಇಡುವ ನಿಯಮ ಎಷ್ಟು ಹಳೆಯದೋ, ಕೂಡಿ ಉಣ್ಣುವ ರೂಢಿಯೂ ಅಷ್ಟೇ ನಮ್ಮದು.

ಮುಂದೆ ಇಂಥ ಮೆಸೇಜು ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ರೋಗ ನಿಜವಾಗಿ ಆ ದಾರಿಯಲ್ಲೇ ಹರಡುತ್ತದೆಯೇ? ನಿಯಮ ಮನೆಯ ಎಲ್ಲರಿಗೂ ಒಂದೇಯೇ, ಅಥವಾ ಸೊಸೆಗೆ, ರೋಗಿಗೆ ಮಾತ್ರವೇ? ಇದನ್ನು ಓದಿದ ಮೇಲೆ ಯಾರ ತಾಟು ದೂರ ಹೋಗುತ್ತದೆ? ಟಿ.ಬಿ. ಬಗ್ಗೆ ಸಂಶಯವಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಪುಕ್ಕಟೆ ಸಹಾಯವಾಣಿ 1800-11-6666ಕ್ಕೆ ಫೋನ್ ಮಾಡಿ.

ಕಳೆದ ಸಲ ಊರಿಗೆ ಹೋದಾಗ ಮಾಡದಲ್ಲಿದ್ದ ಆ ತಾಟು ತಂದು, ತೊಳೆದು, ಉಳಿದ ತಾಟುಗಳ ಜೊತೆ ಇಟ್ಟೆ. ದೊಡ್ಡವ್ವ ಮೊದಲು ಬೇಡ ಅಂದಳು. ಮರುದಿನ ಊಟಕ್ಕೆ ಕೂತಾಗ ಅದೇ ತಾಟಿನಲ್ಲಿ ಅವಳ ಮೊಮ್ಮಗ ರೊಟ್ಟಿ ಮುರಿಯುತ್ತಿದ್ದ. ಯಾವ ತಾಟು ಯಾರದು ಎಂದು ಅವನಿಗೆ ಗೊತ್ತಿರಲಿಲ್ಲ. ದೊಡ್ಡವ್ವ ಅವನನ್ನು ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಬಂದು ಅವನ ಪಕ್ಕ ಕೂತಳು.