ಕರೆಯದ ಆಟಕ್ಕೆ ಮಗ ಹೋಗಬಹುದೇ?



ದೇವರ ಹಿಪ್ಪರಗಿಯಿಂದ ಒಬ್ಬ ತಾಯಿ ಬರೆದ ಪತ್ರವನ್ನು ಈ ಸಲ ಎತ್ತಿಕೊಂಡಿದ್ದೇನೆ. ಅವರ ಮಗ ಪುಣೆಯ ಹತ್ತಿರ ಖಡಕವಾಸಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, ಅಂದರೆ ಎನ್‌ಡಿಎಗೆ, ಸೇರಿ ಐದು ತಿಂಗಳಾಯಿತಂತೆ. ಅವರ ಮಾತಿನಲ್ಲೇ ಕೇಳಿ:

"ಊರಾಗಿದ್ದಾಗ ಓದೊಂದ ಗೊತ್ತಿತ್ತು ಅವಗ. ಚೆಂಡು ಮುಟ್ಟಿದವನಲ್ಲ. ಈಗ ಫುಟ್‌ಬಾಲ್ ಟೀಮಿಗೆ ಹೆಸರು ಕೊಡ್ತೀನವ್ವಾ ಅಂತಾನ. ಯಾರೂ ಕರದಿಲ್ಲ, ಯಾರೂ ಆರಿಸಿಲ್ಲ. ಕರೀದ ಮನಿಗಿ ಊಟಕ್ಕ ಹೋದಂಗ ಆಗೂದಿಲ್ಲೇನ್ರಿ? ನಾಳೆ ಕೈಯೋ ಕಾಲೋ ಮುರಕೊಂಡ್ರ ಬಂದ ಭಾಗ್ಯಾನೂ ಹೋಗ್ತದ. ಬ್ಯಾಡ ಅನ್ಲ್ಯೋ, ಹೂಂ ಅನ್ಲ್ಯೋ? ಐದನೇ ತರಗತಿ ಓದೋ ಅವನ ತಂಗಿ ಬ್ಯಾರೆ, ನಾನೂ ಅಣ್ಣನಂಗ ಆಗ್ತೀನಿ ಅಂತ ಕುಣ್ಯಾಕತ್ಯಾಳ."

ಈ ಪತ್ರದಲ್ಲಿ ಎರಡು ಸಂಕಟಗಳಿವೆ. ಒಂದು ಮಾನದ್ದು, ಇನ್ನೊಂದು ಭಯದ್ದು. ಬೇರೆ ಬೇರೆಯಾಗಿಯೇ ನೋಡೋಣ.

ಮೊದಲು ಮಾನದ ಮಾತು. ಕರೆಯದ ಊಟಕ್ಕೆ ಹೋಗಬಾರದು, ನಿಜ. ಆದರೆ ನಿಮ್ಮ ಕಡೆಯ ಜಾತ್ರೆಗಳನ್ನು ಒಮ್ಮೆ ನೆನೆಸಿಕೊಳ್ಳಿ. ಕುಸ್ತಿ ಕಣದಲ್ಲಿ ಪೈಲವಾನರು ಸುತ್ತು ಹಾಕುತ್ತಾ ಜೋಡಿ ಹುಡುಕುತ್ತಾರೆ. ತನ್ನಲ್ಲಿ ಕಸುವಿದೆ ಎನ್ನುವವನು ಕಣಕ್ಕಿಳಿಯುತ್ತಾನೆ. ಅವನ ಮನೆಗೆ ಯಾರೂ ಅಕ್ಷತೆ ಕೊಟ್ಟು ಕರೆದು ಬಂದಿರುವುದಿಲ್ಲ. ಸಂಗ್ರಾಣಿ ಕಲ್ಲೂ ಹಾಗೆಯೇ. ಗುಡಿಯ ಮುಂದೆ ಬಿದ್ದಿರುತ್ತದೆ, ಎತ್ತುವೆನೆಂದವನು ಬಂದು ಕೈ ಹಚ್ಚುತ್ತಾನೆ. ಎತ್ತಿದರೆ ಶಿಳ್ಳೆ, ಎತ್ತದಿದ್ದರೆ ಸ್ವಲ್ಪ ನಗು, ಅಷ್ಟೇ. ಊಟದ ಪಂಕ್ತಿಗೆ ಒಂದು ರೀತಿ, ಆಟದ ಕಣಕ್ಕೆ ಇನ್ನೊಂದು ರೀತಿ. ಇದು ನಮ್ಮವರಿಗೆ ಹಿಂದಿನಿಂದಲೂ ಗೊತ್ತು.

ಅಮೆರಿಕದ ಕಾಲೇಜುಗಳಲ್ಲಿ ಹೀಗೆ ತಾನಾಗಿ ಬಂದು ತಂಡಕ್ಕೆ ಪ್ರಯತ್ನಿಸುವವನಿಗೆ 'ವಾಕ್-ಆನ್' ಎಂದೇ ಹೆಸರಿದೆ. ಅಲ್ಲಿ ಅನೇಕ ಕಾಲೇಜುಗಳು ಒಳ್ಳೆಯ ಆಟಗಾರರನ್ನು ಮೊದಲೇ ಹುಡುಕಿ, ವಿದ್ಯಾರ್ಥಿವೇತನ ಕೊಟ್ಟು ಕರೆತರುತ್ತವೆ. ವಾಕ್-ಆನ್ ಹುಡುಗ ತನ್ನ ಖರ್ಚಿನಲ್ಲಿ ಓದುತ್ತಾ ಅವರ ಜೊತೆ ಪೈಪೋಟಿ ಮಾಡಬೇಕು. ಆದರೆ ವೆಸ್ಟ್ ಪಾಯಿಂಟ್, ಅನಾಪೊಲಿಸ್‌ನಂಥ ಸೈನಿಕ ಅಕಾಡೆಮಿಗಳಲ್ಲಿ ಈ ಭೇದವಿಲ್ಲ. ಅಲ್ಲಿ ಯಾರಿಗೂ ಫೀ ಇಲ್ಲ. ಕರೆಸಿಕೊಂಡವನಿಗೂ ತಾನಾಗಿ ಬಂದವನಿಗೂ ಒಂದೇ ಸಮವಸ್ತ್ರ, ಒಂದೇ ಊಟ, ಮುಂದೆ ಒಂದೇ ಸೇವೆ.

ನಮ್ಮ ಎನ್‌ಡಿಎಯಲ್ಲಂತೂ ಫುಟ್‌ಬಾಲಿಗೆಂದು ಬೇರೆ ಸೀಟೇ ಇಲ್ಲ. ವರ್ಷಕ್ಕೆ ಎರಡು ಸಲ ಯುಪಿಎಸ್‌ಸಿ ನಡೆಸುವ 900 ಅಂಕಗಳ ಲಿಖಿತ ಪರೀಕ್ಷೆ, ಆಮೇಲೆ 900 ಅಂಕಗಳ ಸಂದರ್ಶನ, ಆಮೇಲೆ ವೈದ್ಯಕೀಯ ತಪಾಸಣೆ. ಇಷ್ಟನ್ನೂ ದಾಟಿದವರಷ್ಟೇ ಒಳಗೆ ಹೋಗುತ್ತಾರೆ. ಹಾಗೆ ನೋಡಿದರೆ ಅಲ್ಲಿ ಪ್ರತಿಯೊಬ್ಬನೂ ಆಟಕ್ಕೆ ಕರೆಯದೆ ಬಂದವನೇ! ನಿಮ್ಮ ಮಗನೊಬ್ಬನೇ ಏನಲ್ಲ.

ಇನ್ನೊಂದು ವಿಷಯ. ಅಲ್ಲಿ ಆಟವೆಂಬುದು ಓದಿನಿಂದ ಸಮಯ ಕದಿಯುವ ಚಾಳಿಯಲ್ಲ, ಮೂರು ವರ್ಷದ ತರಬೇತಿಯ ಒಂದು ಭಾಗ. ಕೆಡೆಟ್‌ಗಳನ್ನು ಸ್ಕ್ವಾಡ್ರನ್ ಎಂಬ ಗುಂಪುಗಳಾಗಿ ಮಾಡಿರುತ್ತಾರೆ, ಸ್ಕ್ವಾಡ್ರನ್‌ಗಳ ನಡುವೆ ಬೇರೆ ಬೇರೆ ಆಟಗಳ ಸ್ಪರ್ಧೆ ನಡೆಯುತ್ತದೆ. ಕ್ರಾಸ್ ಕಂಟ್ರಿ ಓಟವಂತೂ ಅಲ್ಲಿ ಹೆಸರುವಾಸಿ. ಇಷ್ಟು ಆಟಗಳಿಗೆ ಆಳು ಬೇಡವೇ? ಆದ್ದರಿಂದ ಹೊಸ ಹುಡುಗ ಮೊದಲು ತನ್ನ ಸ್ಕ್ವಾಡ್ರನ್ ತಂಡಕ್ಕೆ ಪ್ರಯತ್ನಿಸಲಿ. ಇಡೀ ಅಕಾಡೆಮಿಯ ತಂಡದ ಮಾತು ಆಮೇಲೆ. ಹೊಸ್ತಿಲು ದಾಟಿದ ಮೇಲಲ್ಲವೇ ಪಡಸಾಲೆ?

ಆದರೆ ಒಂದನ್ನು ಮಾತ್ರ ಮಗನಿಗೆ ಮುಚ್ಚುಮರೆಯಿಲ್ಲದೆ ಹೇಳಿಬಿಡಿ. ತಾನಾಗಿ ಹೋದವನಿಗೆ ಮೊದಲ ದಿನವೇ ಆಟ ಸಿಗುವುದಿಲ್ಲ. ತಿಂಗಳುಗಟ್ಟಲೆ ಅಭ್ಯಾಸದಲ್ಲಿ ಎದುರಾಳಿಯಾಗಿ ಓಡಬೇಕು, ಪಂದ್ಯದ ದಿನ ಹೊರಗೆ ಕೂತು ಚಪ್ಪಾಳೆ ತಟ್ಟಬೇಕು. ನಿಮ್ಮ ವಿಜಯಪುರದವಳೇ ಆದ ರಾಜೇಶ್ವರಿ ಗಾಯಕವಾಡಳನ್ನು ನೋಡಿ. 2017ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ವಿಶ್ವಕಪ್ ಕ್ರಿಕೆಟ್ಟಿನಲ್ಲಿ ಮೊದಲಿನ ಪಂದ್ಯಗಳಲ್ಲೆಲ್ಲ ಆಕೆ ಹೊರಗೇ ಕೂತಿದ್ದಳು. ನ್ಯೂಜಿಲೆಂಡ್ ವಿರುದ್ಧ ಗೆಲ್ಲಲೇಬೇಕಾದ ಪಂದ್ಯದಲ್ಲಿ ಅವಕಾಶ ಸಿಕ್ಕಿತು. ಅವತ್ತು 15 ರನ್ ಕೊಟ್ಟು 5 ವಿಕೆಟ್ ಕಿತ್ತಳು, ಭಾರತ ಸೆಮಿಫೈನಲ್ ಸೇರಿತು. ಹೊರಗೆ ಕೂತ ದಿನಗಳಲ್ಲಿ ಕೈ ತುಕ್ಕು ಹಿಡಿಯಗೊಟ್ಟಿದ್ದರೆ ಅದು ಆಗುತ್ತಿತ್ತೇ? ಎಲ್ಲರಿಗೂ ಅಂಥ ದಿನ ಬಂದೇ ಬರುತ್ತದೆಂದು ನಾನು ಹೇಳಲಾರೆ. ಬರದೇ ಇದ್ದರೂ ಓಡಿದ ಕಾಲಿಗೆ ಬಲ ಬಂದಿರುತ್ತದೆ, ಸೋದರರಂಥ ಹತ್ತು ಗೆಳೆಯರು ಸಿಕ್ಕಿರುತ್ತಾರೆ.

ಇನ್ನು ಎರಡನೆಯ ಸಂಕಟ, ಪೆಟ್ಟಿನ ಭಯ. ತಾಯೀ, ನಿಮ್ಮ ಭಯ ಸುಳ್ಳೆಂದು ನಾನು ಸಮಾಧಾನ ಹೇಳುವುದಿಲ್ಲ. ತರಬೇತಿಯಲ್ಲಿ ದೊಡ್ಡ ಪೆಟ್ಟಾಗಿ ಬಹಳ ದಿನ ತಪ್ಪಿಹೋದರೆ ಒಂದು ಟರ್ಮ್ ಹಿಂದೆ ಬೀಳುವುದುಂಟು. ತೀರಾ ಅಂಗವಿಕಲರಾಗಿ ಮನೆಗೆ ಮರಳಿದ ಕೆಡೆಟ್‌ಗಳೂ ಇದ್ದಾರೆ. ಅವರ ಕಷ್ಟವನ್ನು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಕೈಗೆತ್ತಿಕೊಂಡಿತು. ಅದೇ ತಿಂಗಳು, ಮಾಜಿ ಸೈನಿಕರಿಗಿರುವ ಆರೋಗ್ಯ ಯೋಜನೆಯನ್ನು ಅಂಥವರಿಗೂ ಕೊಡಲು ಸರಕಾರ ಒಪ್ಪಿತು. ಆದರೆ ಈ ಅಪಾಯ ಫುಟ್‌ಬಾಲಿನಿಂದ ಮಾತ್ರ ಬರುವುದಲ್ಲ. ಓಟ, ಡ್ರಿಲ್, ಕುದುರೆ ಸವಾರಿ ಎಲ್ಲದರಲ್ಲೂ ಇದೆ. 'ಆಟ ಬೇಡ' ಎಂದರೆ ಭಯ ತಪ್ಪುವುದಿಲ್ಲ. ಅದಕ್ಕಿಂತ ಈ ನಾಲ್ಕು ಮಾತು ಹೇಳಿ:

1. ನೋವು ಮುಚ್ಚಿಡಬಾರದು. ಮುಂಗಾಲ ಎಲುಬಿನಲ್ಲಿ ಒಂದೇ ಕಡೆ ದಿನಾ ನೋವು, ಒತ್ತಿದರೆ ಹೆಚ್ಚಾಗುವುದು, ಇದು ಅತಿಯಾದ ಓಟದಿಂದ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುವ ಗುರುತಾಗಿರಬಹುದು. ಬೇಗ ಡಾಕ್ಟರಿಗೆ ತೋರಿಸಿದರೆ ಕೆಲವು ವಾರದ ವಿಶ್ರಾಂತಿಯಲ್ಲಿ ಕೂಡಿಕೊಳ್ಳುತ್ತದೆ. ಸ್ಕ್ವಾಡ್ರನ್ ಮಾನ ಉಳಿಸಲೆಂದು ಹಲ್ಲು ಕಚ್ಚಿ ಓಡಿದರೆ ಪೂರ್ತಿ ಮುರಿಯಬಹುದು.

2. ಹೊಸ ಬೂಟು ಹಾಕಿಕೊಂಡು ನೇರ ಪಂದ್ಯಕ್ಕೆ ಇಳಿಯಬಾರದು. ನಾಲ್ಕು ದಿನ ನಡೆದು ಮೆದು ಮಾಡಿಕೊಳ್ಳಲಿ.

3. ತಲೆಗೆ ಪೆಟ್ಟು ಬಿದ್ದು ಮಂಕು ಕವಿದರೆ ಅಥವಾ ವಾಂತಿಯಾದರೆ ಅವತ್ತಿಗೆ ಆಟ ಮುಗಿಯಿತು. ಡಾಕ್ಟರು ಹೂಂ ಅನ್ನುವವರೆಗೆ ಮತ್ತೆ ಆಟವಿಲ್ಲ.

4. ಹೊಟ್ಟೆ ತುಂಬ ಉಣ್ಣಬೇಕು, ಸಿಕ್ಕಷ್ಟು ನಿದ್ದೆ ಮಾಡಬೇಕು.

ರಜೆಗೆ ಬಂದಾಗ ಬರೀ ಹೋಳಿಗೆ ಕರದಂಟಿನಲ್ಲೇ ಮುದ್ದು ಮಾಡಬೇಡಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗಟ್ಟಿ ಮೊಸರು, ಶೇಂಗಾ ಹಿಂಡಿ, ಹೆಸರುಕಾಳಿನ ಪಲ್ಯ, ಮೆಂತ್ಯ ಸೊಪ್ಪು, ಇವು ಎಲುಬಿಗೂ ಮಾಂಸಖಂಡಕ್ಕೂ ಬೇಕಾದವು. ನಿಮ್ಮ ಅಡಿಗೆಮನೆಯಲ್ಲಿ ಇವೆಲ್ಲ ಇದ್ದೇ ಇರುತ್ತವಲ್ಲ?

ಕೊನೆಗೆ ಕುಣಿಯುತ್ತಿರುವ ತಂಗಿಯ ಮಾತು. ಅವಳನ್ನು 'ಸುಮ್ಮನಿರೇ' ಎಂದು ಗದರಬೇಡಿ. 2021ರಲ್ಲಿ ಸುಪ್ರೀಂ ಕೋರ್ಟು ಹೆಣ್ಣುಮಕ್ಕಳಿಗೂ ಎನ್‌ಡಿಎ ಪರೀಕ್ಷೆ ತೆರೆಯಿಸಿತು. 2022ರಲ್ಲಿ ಮೊದಲ ತಂಡ ಸೇರಿತು, 2025ರ ಮೇ 30ರಂದು 17 ಹುಡುಗಿಯರು ತರಬೇತಿ ಮುಗಿಸಿ ಹೊರಬಂದರು. 1963ರಿಂದ ನಡೆಯುತ್ತಿರುವ ವಿಜಯಪುರದ ಸೈನಿಕ ಶಾಲೆಯೂ 2021ರಿಂದ ಹುಡುಗಿಯರನ್ನು ಆರನೇ ತರಗತಿಗೆ ಸೇರಿಸಿಕೊಳ್ಳುತ್ತಿದೆ. ಸೇರುವ ವರ್ಷದ ಮಾರ್ಚ್ 31ಕ್ಕೆ ಮಗುವಿಗೆ 10ರಿಂದ 12 ವರ್ಷ ಆಗಿರಬೇಕು. ಪರೀಕ್ಷೆ 300 ಅಂಕದ್ದು, ಅದರಲ್ಲಿ ಅರ್ಧ, ಅಂದರೆ 150, ಗಣಿತಕ್ಕೇ. ಕನ್ನಡದಲ್ಲೂ ಬರೆಯಬಹುದು. ಅದು ಬೇಡವೆಂದರೆ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನ ಹೆಣ್ಣುಮಕ್ಕಳ ಸೈನಿಕ ವಸತಿ ಶಾಲೆ 1969ರಿಂದ ಇದೆ. ಐದನೇ ತರಗತಿ ಎಂದರೆ ಸರಿಯಾದ ಹೊತ್ತು. ಈಗಿನಿಂದಲೇ ದಿನಾ ಸಂಜೆ ಅರ್ಧ ತಾಸು ಲೆಕ್ಕ, ಅರ್ಧ ತಾಸು ಓಟ ಇರಲಿ.

ಹಿಪ್ಪರಗಿಯ ತಾಯೀ, ಮಗನಿಗೆ ಹೂಂ ಅನ್ನಿ. ಮುಂದಿನ ಸಲ ಫೋನು ಬಂದಾಗ 'ಟೀಮಿನ್ಯಾಗ ಆರಿಸಿದರೇನೋ?' ಎಂದು ಮೊದಲೇ ಕೇಳಬೇಡಿ. 'ಇವತ್ತ ಎಷ್ಟು ಓಡಿದಿ, ಏನ್ ಉಂಡಿ, ಕಾಲು ನೋಯ್ತದೇನು?' ಎಂದು ಕೇಳಿ. ಆರಿಸಿದರೆ ಅವನೇ ಹೇಳುತ್ತಾನೆ. ಆರಿಸದಿದ್ದ ದಿನ ಅವ್ವನಿಗೆ ಫೋನು ಮಾಡಲು ಅವನು ಹಿಂಜರಿಯಬಾರದಲ್ಲ, ಅದಕ್ಕೆ.